ದಾಕ್ಷಿಣ್ಯದ ಬೋರ್ಡು

ಸೇವಾ ಸಂಸ್ಥೆಯ ಬೋರ್ಡಿಗೆ ಬನ್ನಿ ಅಂತ ಕರೆಯುವವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಇರುತ್ತದೆ. "ಜಾಸ್ತಿ ಕೆಲಸ ಏನಿಲ್ಲ, ವರ್ಷಕ್ಕೆ ಮೂರ್ನಾಲ್ಕು ಮೀಟಿಂಗು ಅಷ್ಟೆ, ನಿಮ್ಮಂಥವರ ಹೆಸರಿದ್ದರೆ ನಮಗೊಂದು ಬಲ." ಕರೆಯುವವರು ಪರಿಚಯದವರು. ಸಂಸ್ಥೆ ಮಾಡುತ್ತಿರುವ ಕೆಲಸವೂ ಒಳ್ಳೆಯದೇ. ಇಲ್ಲ ಅನ್ನುವುದಾದರೂ ಹೇಗೆ? ಹೂಂ ಅಂದುಬಿಡುತ್ತೇವೆ. ಆ ಹೂಂನಲ್ಲಿ ಇರುವ ದಾಕ್ಷಿಣ್ಯ ಅಲ್ಲಿಗೇ ಮುಗಿಯುವುದಿಲ್ಲ, ನಮ್ಮ ಜೊತೆಗೇ ಮೀಟಿಂಗಿಗೂ ಬಂದು ಕೂರುತ್ತದೆ.

ಇಂಥ ಮಂಡಳಿಗಳಲ್ಲಿ ನಾನೂ ಕೂತಿದ್ದೇನೆ, ಇನ್ನು ಕೆಲವನ್ನು ಪಕ್ಕದಿಂದ ನೋಡಿದ್ದೇನೆ. ಬೋರ್ಡು ಹೇಗೆ ನಡೆಯಬೇಕು ಅನ್ನುವ ತರಬೇತಿಗಳಲ್ಲಿ ಸಾಮಾನ್ಯವಾಗಿ ಬರುವುದು ದೂರದೃಷ್ಟಿ, ಧ್ಯೇಯವಾಕ್ಯ, ಐದು ವರ್ಷದ ಯೋಜನೆ. ಅವೆಲ್ಲ ಇರಲಿ, ಬೇಡ ಅನ್ನುತ್ತಿಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಬೋರ್ಡುಗಳು ಸೋಲುವುದು ಯೋಜನೆ ಇಲ್ಲದ್ದಕ್ಕಲ್ಲ, ಕಳ್ಳರು ಸೇರಿಕೊಂಡದ್ದಕ್ಕೂ ಅಲ್ಲ. ಒಳ್ಳೆಯವರು, ಓದಿದವರು, ಒಬ್ಬರ ಮೇಲೊಬ್ಬರಿಗೆ ಗೌರವ ಇರುವವರು, ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಸಂಕೋಚದಿಂದ ಕೇಳದೆ ಎದ್ದು ಹೋಗುತ್ತಾರಲ್ಲ, ಅಲ್ಲಿ ಸೋಲುತ್ತವೆ. ಹಾಗಾಗಿ ಒಳ್ಳೆಯ ಬೋರ್ಡು ಅಂದರೆ ಧೈರ್ಯವಂತರ ಬೋರ್ಡು ಅಂತ ನಾನು ಹೇಳುವುದಿಲ್ಲ. ಧೈರ್ಯ ಎಲ್ಲರಿಗೂ ಎಲ್ಲ ದಿನವೂ ಇರುವುದಿಲ್ಲ. ಪ್ರಶ್ನೆ ಕೇಳುವುದಕ್ಕೆ ಧೈರ್ಯವೇ ಬೇಕಾಗದ ಹಾಗೆ ಮೊದಲೇ ಏರ್ಪಾಟು ಮಾಡಿಕೊಂಡಿರುವ ಬೋರ್ಡು ಒಳ್ಳೆಯ ಬೋರ್ಡು.

ಈ ಕೆಲಸ ಯಾಕೆ ಇಷ್ಟು ಮುಖ್ಯ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಕಂಪನಿಗೆ ಷೇರುದಾರರಿದ್ದಾರೆ. ಲಾಭ ಇಳಿದರೆ ಗಲಾಟೆ ಮಾಡುತ್ತಾರೆ, ಇಲ್ಲವೇ ಷೇರು ಮಾರಿಕೊಂಡು ಹೋಗುತ್ತಾರೆ. ವ್ಯಾಪಾರದಲ್ಲಿ ಗಿರಾಕಿ ಇದ್ದಾನೆ, ಮಾಲು ಸರಿ ಇಲ್ಲದಿದ್ದರೆ ಮತ್ತೆ ಬರುವುದಿಲ್ಲ. ಸೇವಾ ಸಂಸ್ಥೆಗೆ ಮಾಲೀಕರೇ ಇಲ್ಲ. ದುಡ್ಡು ಕೊಡುವವರು ಒಬ್ಬರು, ಸೇವೆ ಪಡೆಯುವವರು ಇನ್ನೊಬ್ಬರು, ಇಬ್ಬರಿಗೂ ಮುಖಪರಿಚಯವೇ ಇರುವುದಿಲ್ಲ. ದಾನಿಗೆ ಒಂದು ವರದಿ, ಕೆಲವು ಫೋಟೊ ಹೋಗುತ್ತವೆ, ಅಷ್ಟಕ್ಕೆ ಸಮಾಧಾನ. ಸೇವೆ ಪಡೆಯುವವರು ದುಡ್ಡು ಕೊಟ್ಟಿರುವುದಿಲ್ಲವಲ್ಲ, ದೂರು ಹೇಳುವುದಕ್ಕೆ ಹಿಂಜರಿಕೆ, ಸಿಗುತ್ತಿರುವುದೂ ನಿಂತುಹೋದರೆ ಅನ್ನುವ ಭಯ ಬೇರೆ. ನೌಕರರಿಗೆ ಕೆಲಸದ ಚಿಂತೆ. ಇಲಾಖೆಯವರು ವರ್ಷಕ್ಕೊಮ್ಮೆ ಕಾಗದ ಬಂತಾ ಅಂತ ನೋಡುತ್ತಾರೆ. ಇನ್ನು ಉಳಿದವರು ಯಾರು? ಒಳಗೂ ಇದ್ದು, ಸಂಬಳದ ಹಂಗಿಲ್ಲದೆ ಕೇಳಬಲ್ಲವರು ಬೋರ್ಡಿನವರು ಮಾತ್ರ. ಅವರೂ ಕೇಳದಿದ್ದರೆ ಆ ಪ್ರಶ್ನೆ ಎಲ್ಲೂ ಹುಟ್ಟುವುದಿಲ್ಲ.

ಕಾನೂನಿನ ಕಣ್ಣಿಗೂ ಇದು ಗೌರವದ ಕುರ್ಚಿ ಅಲ್ಲ. ಅಮೆರಿಕದಲ್ಲಿ ಬೋರ್ಡ್ ಸದಸ್ಯರಿಗೆ ಮೂರು ಕರ್ತವ್ಯ ಹೇಳುತ್ತಾರೆ. ಕೆಲಸದಲ್ಲಿ ಎಚ್ಚರ ಇರಬೇಕು, ಸ್ವಂತ ಲಾಭಕ್ಕಿಂತ ಸಂಸ್ಥೆಯ ಹಿತ ಮುಂದಿರಬೇಕು, ಸಂಸ್ಥೆ ಯಾವ ಉದ್ದೇಶಕ್ಕೆ ಹುಟ್ಟಿತೋ ಅದನ್ನು ಬಿಟ್ಟು ಆಚೆ ಹೋಗಬಾರದು. ಸೇವಾ ಸಂಸ್ಥೆಗಳ ಮೇಲೆ ಕಣ್ಣಿಡುವ ಇಂಗ್ಲೆಂಡ್‌ನ ಚಾರಿಟಿ ಕಮಿಷನ್ ಇನ್ನೊಂದನ್ನು ಒತ್ತಿ ಹೇಳುತ್ತದೆ: ಹೊಣೆ ಎಲ್ಲ ಟ್ರಸ್ಟಿಗಳದ್ದೂ, ಅಂದರೆ ಬೋರ್ಡಿನವರೆಲ್ಲರದ್ದೂ ಸೇರಿ. ಖಜಾಂಚಿ ಇದ್ದಾರಲ್ಲ, ಲೆಕ್ಕ ಅವರು ನೋಡಿಕೊಳ್ಳುತ್ತಾರೆ ಅಂತ ಉಳಿದವರು ಕೈತೊಳೆದುಕೊಳ್ಳುವ ಹಾಗಿಲ್ಲ.

ಈ "ಅವರು ನೋಡಿಕೊಳ್ಳುತ್ತಾರೆ" ಅನ್ನುವುದಿದೆಯಲ್ಲ, ಅದರ ಕತೆ ಕೇಳಬೇಕಾದರೆ 1974ರಲ್ಲಿ ವಾಷಿಂಗ್ಟನ್‌ನ ಸಿಬ್ಲಿ ಆಸ್ಪತ್ರೆಯ ಬಗ್ಗೆ ಬಂದ ತೀರ್ಪು ನೋಡಬೇಕು. ಲಾಭಕ್ಕಲ್ಲದೆ ನಡೆಯುವ ಆಸ್ಪತ್ರೆ. ಬೋರ್ಡಿನಲ್ಲಿ ದೊಡ್ಡ ಮನುಷ್ಯರು. ಆದರೆ ದಿನನಿತ್ಯದ ಕಾರುಬಾರು ಪೂರ್ತಿ ಇಬ್ಬರ ಕೈಯಲ್ಲಿತ್ತು, ಒಬ್ಬರು ಆಸ್ಪತ್ರೆಯ ಆಡಳಿತಾಧಿಕಾರಿ, ಇನ್ನೊಬ್ಬರು ಖಜಾಂಚಿ. ಇಬ್ಬರೂ ಟ್ರಸ್ಟಿಗಳೇ. ಅವರು ತಂದಿದ್ದಕ್ಕೆಲ್ಲ ಉಳಿದವರು ಒಪ್ಪಿಗೆ ಒತ್ತುತ್ತಿದ್ದರು. 1960ರಲ್ಲಿ ಬೈಲಾ ತಿದ್ದಿ ಹಣಕಾಸಿಗೊಂದು, ಹೂಡಿಕೆಗೊಂದು ಸಮಿತಿ ಮಾಡಿಕೊಂಡಿದ್ದರು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ಆ ಸಮಿತಿಗಳು 1971ರವರೆಗೆ ಒಮ್ಮೆಯೂ ಸೇರಲಿಲ್ಲ! ಹತ್ತು ವರ್ಷಕ್ಕೂ ಮೇಲೆ. ಅಷ್ಟರಲ್ಲಿ ಆಡಳಿತಾಧಿಕಾರಿ ತೀರಿಕೊಂಡು ಮೂರು ವರ್ಷ ಕಳೆದಿತ್ತು. 1972ರಲ್ಲಿ ಖಜಾಂಚಿಯೂ ತೀರಿಕೊಂಡರು. ಆಮೇಲಷ್ಟೇ ಉಳಿದವರು ಲೆಕ್ಕದ ಕಡೆ ಸರಿಯಾಗಿ ತಿರುಗಿ ನೋಡಿದ್ದು. ನೋಡಿದರೆ ಆಸ್ಪತ್ರೆಯ ದುಡ್ಡು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ, ಬಡ್ಡಿ ಬರದ ಅಥವಾ ತೀರಾ ಕಡಿಮೆ ಬಡ್ಡಿಯ ಖಾತೆಗಳಲ್ಲಿ ಬಿದ್ದಿತ್ತು. ಅದೂ ಕೆಲವು ಟ್ರಸ್ಟಿಗಳಿಗೆ ಸಂಬಂಧ ಇದ್ದ ಬ್ಯಾಂಕುಗಳಲ್ಲೇ.

ದಾವೆ ಹಾಕಿದ್ದು ಆಸ್ಪತ್ರೆಯ ರೋಗಿಗಳು. ನ್ಯಾಯಾಧೀಶ ಗೆಸೆಲ್ ಇದು ಕಳ್ಳತನದ ಸಂಚು ಅನ್ನುವ ವಾದವನ್ನು ಒಪ್ಪಲಿಲ್ಲ. ಟ್ರಸ್ಟಿಗಳನ್ನು ಕಿತ್ತುಹಾಕಲೂ ಇಲ್ಲ, ಅವರಿಂದ ದುಡ್ಡು ಕಕ್ಕಿಸಲೂ ಇಲ್ಲ. ಆದರೆ ಕರ್ತವ್ಯ ತಪ್ಪಿದ್ದಾರೆ ಅಂತ ಸ್ಪಷ್ಟವಾಗಿ ಹೇಳಿದರು. ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದು, ಆದರೆ ವಹಿಸಿದ ಮೇಲೆ ಮೇಲ್ವಿಚಾರಣೆಯನ್ನೇ ಬಿಟ್ಟುಬಿಡುವ ಹಾಗಿಲ್ಲ ಅನ್ನುವುದು ತೀರ್ಪಿನ ತಿರುಳು. ಹೂಡಿಕೆಗೆ ಬರವಣಿಗೆಯ ನೀತಿ ಮಾಡಿ, ಯಾರಿಗೆ ಯಾವ ಬ್ಯಾಂಕಿನ ಜೊತೆ ನಂಟಿದೆ ಅಂತ ಬಹಿರಂಗ ಮಾಡಿ ಅಂತ ಆಜ್ಞೆ ಮಾಡಿದರು. ಇನ್ನೊಂದು ಆಜ್ಞೆ ನನಗೆ ತುಂಬ ಇಷ್ಟ: ಹೊಸದಾಗಿ ಬರುವ ಟ್ರಸ್ಟಿಗಳು ಈ ತೀರ್ಪನ್ನು ಓದಲೇಬೇಕು. ಶಾಲೆಯಲ್ಲಿ ಇಂಪೊಸಿಷನ್ ಬರೆಸಿದ ಹಾಗೆ.

ಈ ಕತೆಯಲ್ಲಿ ಯಾರಾದರೂ ಒಬ್ಬ ಸಭ್ಯವಾಗಿ "ಹಣಕಾಸು ಸಮಿತಿ ಕೊನೆಗೆ ಸೇರಿದ್ದು ಯಾವಾಗ?" ಅಂತ ಕೇಳಿದ್ದರೆ ಸಾಕಿತ್ತು, ಅಲ್ವಾ? ಅದಕ್ಕೆ ಲೆಕ್ಕಶಾಸ್ತ್ರ ಗೊತ್ತಿರಬೇಕಿಲ್ಲ. ಆದರೆ ಎದುರಿಗೆ ಕೂತ ಹಿರಿಯರು ದಿನವಿಡೀ ಸಂಸ್ಥೆಗಾಗಿ ದುಡಿಯುತ್ತಿದ್ದಾರೆ, ನಾನು ಮೂರು ತಿಂಗಳಿಗೊಮ್ಮೆ ಬಂದು ಹೋಗುವವನು, ನಾನು ಕೇಳಿದರೆ ಅನುಮಾನಪಟ್ಟ ಹಾಗಾಗುತ್ತದೆ. ಈ ಲೆಕ್ಕಾಚಾರ ಪ್ರತಿಯೊಬ್ಬರ ತಲೆಯಲ್ಲೂ ಓಡುತ್ತದೆ. ಕೊನೆಗೆ ಯಾರೂ ಕೇಳುವುದಿಲ್ಲ. ಬೇರೆಯವರು ಸುಮ್ಮನಿರುವುದನ್ನು ನೋಡಿ, ಓಹೋ ಎಲ್ಲರಿಗೂ ಗೊತ್ತಿರಬೇಕು, ನನಗೊಬ್ಬನಿಗೇ ಗೊತ್ತಿಲ್ಲ ಅಂದುಕೊಂಡು ಇನ್ನೂ ಸುಮ್ಮನಾಗುತ್ತೇವೆ.

ದೊಡ್ಡ ಹೆಸರಿನವರನ್ನು ತಂದರೆ ಇದು ಸರಿಹೋಗುತ್ತದೆ ಅಂತ ಕೆಲವರ ಭಾವನೆ. ನನ್ನ ಅನುಭವದಲ್ಲಿ ಇನ್ನೂ ಕೆಡುತ್ತದೆ. ದೇಣಿಗೆ ಕೂಡಿಸಿ ಸೇವಾ ಕೆಲಸಗಳಿಗೆ ಹಂಚುವ ಅಮೆರಿಕದ ಯುನೈಟೆಡ್ ವೇ ಸಂಸ್ಥೆಯನ್ನು 1970ರಿಂದ ನಡೆಸುತ್ತಿದ್ದ ವಿಲಿಯಂ ಅರಮೋನಿ, ದುಂದುವೆಚ್ಚದ ಸುದ್ದಿಗಳು ಪತ್ರಿಕೆಯಲ್ಲಿ ಬಂದ ಮೇಲೆ 1992ರಲ್ಲಿ ಹುದ್ದೆ ಬಿಟ್ಟರು, 1995ರಲ್ಲಿ ವಂಚನೆಯ ಆರೋಪ ಸಾಬೀತಾಗಿ ಏಳು ವರ್ಷ ಜೈಲುಶಿಕ್ಷೆಯಾಯಿತು. ಅವರ ಬೋರ್ಡಿನಲ್ಲಿ ಇದ್ದವರು ದೇಶದ ಬೃಹತ್ ಕಂಪನಿಗಳ ಮುಖ್ಯಸ್ಥರು. ತಮ್ಮ ಕಂಪನಿಯಲ್ಲಿ ಒಂದೊಂದು ಡಾಲರಿಗೂ ಲೆಕ್ಕ ಕೇಳುವ ಜನ. ಇಂಥವರು ಸೇವಾ ಸಂಸ್ಥೆಯ ಬೋರ್ಡಿಗೆ ಬಂದಾಗ ಮೆತ್ತಗಾಗುವುದು ಏಕೆ? ಅವರು ಅಲ್ಲಿಗೆ ಬರುವುದು ಒಳ್ಳೆಯ ಕೆಲಸಕ್ಕೆ ಹೆಗಲು ಕೊಡುವುದಕ್ಕೆ, ಹೆಸರು ಕೊಡುವುದಕ್ಕೆ. ಕೆದಕುವುದಕ್ಕಲ್ಲ. ಕೆದಕಿದರೆ ಒಳ್ಳೆಯತನ ಕಳೆದುಕೊಂಡ ಹಾಗೆ ಅನಿಸುತ್ತದೆ. ಜೊತೆಗೆ ಅವರಿಗೆ ಪುರುಸೊತ್ತೂ ಇರುವುದಿಲ್ಲ. ಹೆಸರಿಗಾಗಿ ಕರೆದವರು ಹೆಸರನ್ನಷ್ಟೇ ಕೊಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಕಾಗದ ಓದಿಕೊಂಡು ಬರುವ ಒಬ್ಬ ಸಾಮಾನ್ಯ ನಿವೃತ್ತ ಗುಮಾಸ್ತ ಇಂಥ ಐದು ಹೆಸರುಗಳಿಗೆ ಸಮ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಎಲ್ಲಕ್ಕಿಂತ ಕಷ್ಟದ ದಾಕ್ಷಿಣ್ಯ ಸಂಸ್ಥಾಪಕರದ್ದು. ಕೈಯಿಂದ ದುಡ್ಡು ಹಾಕಿ, ಮನೆಮಠ ಮರೆತು ಸಂಸ್ಥೆ ಕಟ್ಟಿದವರು ಎದುರಿಗೆ ಕೂತಿರುತ್ತಾರೆ. ಬೋರ್ಡಿನವರನ್ನು ಒಬ್ಬೊಬ್ಬರನ್ನಾಗಿ ಕರೆತಂದವರೂ ಅವರೇ. ಹೆಸರಿಗೆ ಅವರು ಬೋರ್ಡಿಗೆ ಉತ್ತರ ಕೊಡಬೇಕಾದವರು, ನಿಜದಲ್ಲಿ ಬೋರ್ಡಿನವರೇ ಅವರ ಅತಿಥಿಗಳ ಹಾಗೆ ಇರುತ್ತಾರೆ.

ಬ್ರಿಟನ್ನಿನ ಕಿಡ್ಸ್ ಕಂಪನಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಕಮಿಲಾ ಬಾಟ್ಮನ್‌ಗೆಲಿಜ್ 1996ರಲ್ಲಿ ಕಟ್ಟಿದ ಸಂಸ್ಥೆ, ಕಷ್ಟದಲ್ಲಿರುವ ಮಕ್ಕಳಿಗೆ ಆಸರೆ ಕೊಡುತ್ತಿತ್ತು. ಬಂದ ಯಾವ ಮಗುವನ್ನೂ ವಾಪಸ್ ಕಳಿಸುವುದಿಲ್ಲ ಅನ್ನುವ ನಿಲುವು. ಪ್ರಧಾನಿಗಳು, ಮಂತ್ರಿಗಳು ಮೆಚ್ಚಿದ್ದರು, ಸರ್ಕಾರದ ಅನುದಾನ ಹರಿದು ಬರುತ್ತಿತ್ತು. ಬಿಬಿಸಿಯ ಅಲನ್ ಯೆಂಟೋಬ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಟ್ರಸ್ಟಿಗಳ ಅಧ್ಯಕ್ಷರಾಗಿದ್ದರು. ಬಂದ ದುಡ್ಡೆಲ್ಲ ಖರ್ಚಾಗುತ್ತಿತ್ತು, ಕಷ್ಟಕಾಲಕ್ಕೆ ಅಂತ ಕಾಯ್ದಿಟ್ಟ ನಿಧಿ ಬೆಳೆಯಲೇ ಇಲ್ಲ. 2015ರ ಆಗಸ್ಟಿನಲ್ಲಿ ಸಂಸ್ಥೆ ದಿಢೀರನೆ ಬಾಗಿಲು ಹಾಕಿತು. ಮರುವರ್ಷ ಸಂಸತ್ತಿನ ಸಮಿತಿ ಟ್ರಸ್ಟಿಗಳನ್ನು ಕಟುವಾಗಿ ಟೀಕಿಸಿತು. ಎಲ್ಲ ಹೇಗೋ ಸರಿಹೋಗುತ್ತದೆ ಅನ್ನುವ ಆಸೆಯ ಮೇಲೆ ಸಂಸ್ಥೆ ನಡೆಸಿದಿರಿ ಅನ್ನುವ ಧಾಟಿ.

ಸಾಮಾನ್ಯವಾಗಿ ಜನ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದನ್ನೂ ಹೇಳಬೇಕು. ಟ್ರಸ್ಟಿಗಳು ಇನ್ನು ಮುಂದೆ ಯಾವ ಕಂಪನಿಯ ನಿರ್ದೇಶಕರೂ ಆಗದ ಹಾಗೆ ನಿಷೇಧ ಹಾಕಿ ಅಂತ ಸರ್ಕಾರದ ಕಡೆಯಿಂದ ದಾವೆ ಹೂಡಿದ್ದರು. 2021ರಲ್ಲಿ ಹೈಕೋರ್ಟ್ ಆ ದಾವೆಯನ್ನು ವಜಾ ಮಾಡಿತು. ನ್ಯಾಯಾಧೀಶೆ ಫಾಕ್ ಹೇಳಿದ್ದರಲ್ಲಿ ಎರಡು ಮಾತು ಮುಖ್ಯ. ಮುಚ್ಚುವ ಹೊತ್ತಿಗೆ ಸಂಸ್ಥೆಯ ಮೇಲೆ ಬಂದ ದೌರ್ಜನ್ಯದ ಆರೋಪಗಳು ಆಧಾರವಿಲ್ಲದವು, ಅವು ಬರದಿದ್ದರೆ ಸಂಸ್ಥೆಯನ್ನು ಸರಿಪಡಿಸುವ ಯೋಜನೆ ಗೆಲ್ಲುವ ಸಾಧ್ಯತೆಯೇ ಹೆಚ್ಚಿತ್ತು ಅನ್ನುವುದು ಒಂದು. ಸಂಬಳವಿಲ್ಲದೆ ಟ್ರಸ್ಟಿಗಳಾಗುವ ಸಮರ್ಥರನ್ನು ಸರ್ಕಾರಿ ಸಂಸ್ಥೆಗಳು ಹೆದರಿಸಿ ಓಡಿಸುವ ಹಾಗಾಗಬಾರದು ಅನ್ನುವುದು ಇನ್ನೊಂದು. ನನಗೆ ಎರಡು ಕಡೆಯವರೂ ಸರಿ ಅನಿಸುತ್ತದೆ. ಅಪವಾದ ಬಂದು ಸಂಸ್ಥೆ ಮುಳುಗಿದ್ದು ದುರದೃಷ್ಟ. ಆದರೆ ಒಂದೇ ಅಪವಾದಕ್ಕೆ ಮುಳುಗುವಷ್ಟು ತೆಳ್ಳಗೆ ಸಂಸ್ಥೆ ಇದ್ದದ್ದು ಏಕೆ? ಆ ಪ್ರಶ್ನೆ ದುರದೃಷ್ಟ ಬರುವುದಕ್ಕೆ ವರ್ಷಗಳ ಮೊದಲೇ ಕೇಳಬೇಕಾದದ್ದು. "ಮಗು ಬಾಗಿಲಲ್ಲಿ ನಿಂತಿದೆ, ನೀವು ಬ್ಯಾಂಕ್ ಬ್ಯಾಲೆನ್ಸ್ ಮಾತಾಡುತ್ತಿದ್ದೀರಾ" ಅನ್ನುವ ಒಂದು ಮಾತು ಸಾಕು, ಯಾವ ಟ್ರಸ್ಟಿಯ ಬಾಯಿಯೂ ಮುಚ್ಚುತ್ತದೆ. ಆದರೂ ಕೇಳಬೇಕು, ಯಾಕೆಂದರೆ ಸಂಸ್ಥೆ ಮುಚ್ಚಿದ ದಿನ ಬಾಗಿಲಲ್ಲಿ ಅಷ್ಟೂ ಮಕ್ಕಳು ನಿಂತಿರುತ್ತಾರೆ.

ದುಡ್ಡಿನ ವಿಷಯ ಇನ್ನೊಂದಿಷ್ಟು. ಬೋರ್ಡಿನಲ್ಲಿ ಬಹಳ ಜನಕ್ಕೆ ಬ್ಯಾಲೆನ್ಸ್ ಶೀಟ್ ಕಂಡರೆ ಕಣ್ಣು ಮಂಜಾಗುತ್ತದೆ. ಆಡಿಟರು ಸಹಿ ಹಾಕಿದ್ದಾರಲ್ಲ ಅಂತ ಪುಟ ತಿರುಗಿಸುತ್ತಾರೆ. ಆಡಿಟರ್ ಹೇಳುವುದು ಲೆಕ್ಕ ಸರಿಯಾಗಿ ಬರೆದಿದ್ದಾರೆ ಅಂತ. ಸಂಸ್ಥೆ ಮುಂದಿನ ವರ್ಷ ಗಟ್ಟಿಯಾಗಿ ನಿಲ್ಲುತ್ತದೆ ಅಂತ ಅವರು ಭರವಸೆ ಕೊಟ್ಟಿರುವುದಿಲ್ಲ.

ಸೇವಾ ಸಂಸ್ಥೆಯ ಲೆಕ್ಕದಲ್ಲಿ ಹೊಸಬರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು, ಎಲ್ಲ ದುಡ್ಡೂ ಒಂದೇ ಅಲ್ಲ. ದಾನಿ ಹಾಸ್ಟೆಲ್ ಕಟ್ಟಡಕ್ಕೆ ಅಂತ ಕೊಟ್ಟದ್ದನ್ನು ಸಂಬಳಕ್ಕೆ ಕೊಡುವ ಹಾಗಿಲ್ಲ. ಖಾತೆಯಲ್ಲಿ ದುಡ್ಡು ತುಂಬಿ ತುಳುಕುತ್ತಿದ್ದರೂ ತಿಂಗಳ ಕೊನೆಗೆ ಸಂಬಳಕ್ಕೆ ಪರದಾಡುವ ಸಂಸ್ಥೆಗಳಿವೆ, ಅಂಥ ಹೊತ್ತಿನಲ್ಲೇ "ಸದ್ಯಕ್ಕೆ ಅದರಿಂದ ತೆಗೆದುಕೊಳ್ಳೋಣ, ಮುಂದಿನ ಕಂತು ಬಂದಾಗ ತುಂಬೋಣ" ಅನ್ನುವ ಮಾತು ಬರುತ್ತದೆ. ಆ ಮಾತು ಬಂತೆಂದರೆ ಎದ್ದು ಕೂರಬೇಕು. ಇನ್ನು ಕೆಲವು ಅನುದಾನಗಳು ಮೊದಲು ನೀವು ಖರ್ಚು ಮಾಡಿ, ಆಮೇಲೆ ಬಿಲ್ ಕೊಡಿ ಅನ್ನುತ್ತವೆ. ಕೆಲಸ ಬೆಳೆದಷ್ಟೂ ಕೈಯಿಂದ ಮುಂಚಿತವಾಗಿ ಹಾಕಬೇಕಾದ ದುಡ್ಡು ಬೆಳೆಯುತ್ತದೆ. ಅದರ ಮೇಲೆ ಬಾಡಿಗೆ, ಲೆಕ್ಕಪತ್ರ, ಆಡಳಿತದ ಖರ್ಚನ್ನು ದಾನಿಗಳು ಪೂರ್ತಿ ಕೊಡುವುದಿಲ್ಲ. ಅಂದರೆ ಪ್ರತಿ ಹೊಸ ಯೋಜನೆಯೂ ಒಂದಿಷ್ಟು ನಷ್ಟವನ್ನು ಜೊತೆಗೇ ಹೊತ್ತು ತರುತ್ತದೆ. ಬೋರ್ಡಿನಲ್ಲಿ ಹೊಸ ಅನುದಾನದ ಸುದ್ದಿ ಬಂದಾಗ ಚಪ್ಪಾಳೆ ತಟ್ಟುತ್ತಾರೆ. ಇದನ್ನು ಒಪ್ಪಿಕೊಂಡರೆ ನಮಗೆ ಕೈಯಿಂದ ಎಷ್ಟು ಬೀಳುತ್ತದೆ ಅಂತ ಕೇಳುವವರು ಕಮ್ಮಿ.

ಬಡವರಿಗೆ, ವಲಸೆ ಬಂದವರಿಗೆ ನೆರವಾಗುತ್ತಿದ್ದ ಷಿಕಾಗೋದ ಹಲ್ ಹೌಸ್ ನೆನಪಾಗುತ್ತದೆ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಶುರು ಮಾಡಿದ್ದು. ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆಡಮ್ಸ್ ಹೆಸರು ಹೊತ್ತ ಸಂಸ್ಥೆ. ಎರಡು ಮಹಾಯುದ್ಧ, ಮಹಾ ಆರ್ಥಿಕ ಕುಸಿತ ಎಲ್ಲ ದಾಟಿ ಬಂತು. ಕೊನೆಗೆ ಆದಾಯದ ಬಹುಪಾಲು ಸರ್ಕಾರದ ದುಡ್ಡೇ ಆಗಿತ್ತು, ಅದು ಕಡಿಮೆಯಾದಾಗ ತಡೆದುಕೊಳ್ಳಲು ಬೇರೆ ಆಸರೆ ಇರಲಿಲ್ಲ. 2012ರ ಜನವರಿಯಲ್ಲಿ ಮುಚ್ಚಿತು. ನೌಕರರಿಗೆ ಸಿಕ್ಕ ಮುನ್ಸೂಚನೆ ತೀರಾ ಕಡಿಮೆ. ಒಂದು ಮೂಲದಿಂದಲೇ ಬಹುಪಾಲು ದುಡ್ಡು ಬರುತ್ತಿದ್ದರೆ, ಆ ಮೂಲ ನಿಂತರೆ ಎಷ್ಟು ತಿಂಗಳು ನಡೆಸಬಲ್ಲೆವು ಅನ್ನುವ ಲೆಕ್ಕ ಪ್ರತಿ ಮೀಟಿಂಗಿನಲ್ಲೂ ಒಂದು ಸಾಲಾಗಿ ಇರಬೇಕು. ಒಂದೇ ಸಾಲು. ಕೈಯಲ್ಲಿ ಯಾವ ಷರತ್ತೂ ಇಲ್ಲದ ದುಡ್ಡು ಇಷ್ಟು, ತಿಂಗಳ ಖರ್ಚು ಇಷ್ಟು, ಅಂದರೆ ಇಷ್ಟು ತಿಂಗಳು. ಇಪ್ಪತ್ತು ಪುಟದ ವರದಿಗಿಂತ ಈ ಸಾಲು ಹೆಚ್ಚು ಮಾತಾಡುತ್ತದೆ.

ಇಲ್ಲಿಗೆ ನಾನು ಮೊದಲು ಹೇಳಿದ ಏರ್ಪಾಟಿನ ಮಾತು ಬಂತು. ಮೇಲಿನ ಸಾಲು ಅಜೆಂಡಾದಲ್ಲಿ ಖಾಯಂ ಇದ್ದರೆ, ಅದನ್ನು ಕೇಳುವುದಕ್ಕೆ ಯಾರೂ ಧೈರ್ಯ ಮಾಡಬೇಕಿಲ್ಲ. ಅನುಮಾನಪಟ್ಟ ಹಾಗೂ ಆಗುವುದಿಲ್ಲ, ಯಾಕೆಂದರೆ ಎಲ್ಲ ಸಲವೂ ಕೇಳುತ್ತೇವೆ. ಅದೇ ರೀತಿ, ಪ್ರತಿ ಮೀಟಿಂಗಿನ ಕೊನೆಗೆ ಹತ್ತು ನಿಮಿಷ ಮುಖ್ಯ ಕಾರ್ಯನಿರ್ವಾಹಕರೂ ಉಳಿದ ಸಿಬ್ಬಂದಿಯೂ ಹೊರಗೆ ಹೋಗಿ, ಬೋರ್ಡಿನವರು ಮಾತ್ರ ಕೂತು ಮಾತಾಡುವ ಪದ್ಧತಿ. ಇದನ್ನು ಸಮಸ್ಯೆ ಬಂದಾಗ ಮಾತ್ರ ಮಾಡಿದರೆ ಹೊರಗೆ ಹೋದವರ ಎದೆ ಹೊಡೆದುಕೊಳ್ಳುತ್ತದೆ, ಸಂಸ್ಥೆಯಲ್ಲೆಲ್ಲ ಗುಸುಗುಸು ಶುರುವಾಗುತ್ತದೆ. ಎಲ್ಲ ಸಲವೂ ಮಾಡಿದರೆ ಅದೊಂದು ಮಾಮೂಲು. ಮಾತಾಡುವುದಕ್ಕೆ ಏನೂ ಇಲ್ಲದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಅಷ್ಟೆ. ಅದೇ ರೀತಿ ವರ್ಷಕ್ಕೊಮ್ಮೆ ಆಡಿಟರ್ ಜೊತೆ, ಸಿಬ್ಬಂದಿ ಯಾರೂ ಇಲ್ಲದೆ, ನೇರವಾಗಿ ಒಂದು ಮಾತುಕತೆ. "ನೀವು ನಮ್ಮ ಜಾಗದಲ್ಲಿದ್ದರೆ ಯಾವುದಕ್ಕೆ ಚಿಂತೆ ಮಾಡುತ್ತಿದ್ದಿರಿ?" ಅಂತ ಆಡಿಟರನ್ನು ಒಮ್ಮೆ ಕೇಳಿ ನೋಡಿ. ಬರೆದು ಕೊಡದ ಎಷ್ಟೋ ವಿಷಯ ಹೊರಗೆ ಬರುತ್ತದೆ.

ಕಾಗದಪತ್ರ ಮೀಟಿಂಗಿಗೆ ಒಂದು ವಾರ ಮೊದಲೇ ಕೈಗೆ ಬರಬೇಕು. ಮೀಟಿಂಗ್ ಹಾಲಿನಲ್ಲಿ ಕೂತ ಮೇಲೆ ದಪ್ಪ ಕಡತ ಕೈಗಿತ್ತು "ದಯವಿಟ್ಟು ಒಪ್ಪಿಗೆ ಕೊಡಿ" ಅನ್ನುವುದು ನಡೆದರೆ, ಆ ವಿಷಯವನ್ನು ಮುಂದಿನ ಸಲಕ್ಕೆ ತಳ್ಳುವ ನಿಯಮ ಇರಲಿ. ಮಾಮೂಲು ವಿಷಯಗಳು, ಅಂದರೆ ಹಿಂದಿನ ನಡಾವಳಿ, ಸಣ್ಣಪುಟ್ಟ ಮಂಜೂರಾತಿ, ಮಾಹಿತಿಗಾಗಿ ಇರುವ ವರದಿ ಇವನ್ನೆಲ್ಲ ಒಂದೇ ಕಟ್ಟು ಮಾಡಿ ಒಂದೇ ಠರಾವಿನಲ್ಲಿ ಮುಗಿಸಬಹುದು. ಯಾರಿಗಾದರೂ ಒಂದನ್ನು ಹೊರಗೆ ತೆಗೆದು ಚರ್ಚೆ ಮಾಡಬೇಕು ಅನಿಸಿದರೆ ತೆಗೆಯಲಿ. ಹೀಗೆ ಉಳಿದ ಸಮಯವನ್ನು ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ ಒಂದೆರಡು ವಿಷಯಕ್ಕೆ ಕೊಡಬಹುದು. ನಾನು ನೋಡಿದ ಒಂದು ಮಂಡಳಿಯಲ್ಲಿ ವಾರ್ಷಿಕೋತ್ಸವದ ಆಮಂತ್ರಣ ಪತ್ರದ ಬಣ್ಣಕ್ಕೆ ಮುಕ್ಕಾಲು ಗಂಟೆ ಹೋಯಿತು, ಬಜೆಟ್ಟಿಗೆ ಐದು ನಿಮಿಷ. ಬಣ್ಣದ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇರುತ್ತದೆ, ಅದಕ್ಕೆ.

ನಡಾವಳಿ ಬರೆಯುವುದು ಒಂದು ಕಲೆ. ಯಾರು ಏನು ಹೇಳಿದರು ಅನ್ನುವ ನಾಟಕದ ಸಂಭಾಷಣೆ ಬೇಡ. ಏನು ತೀರ್ಮಾನವಾಯಿತು, ಯಾವ ಆಧಾರದ ಮೇಲೆ, ಯಾರು ಮಾಡಬೇಕು, ಯಾವಾಗಿನೊಳಗೆ, ಯಾರು ಒಪ್ಪಲಿಲ್ಲ. ಇಷ್ಟಿದ್ದರೆ ಐದು ವರ್ಷದ ನಂತರ ಓದಿದವರಿಗೂ ಅರ್ಥವಾಗುತ್ತದೆ.

ಹಿತಾಸಕ್ತಿಯ ವಿಷಯದಲ್ಲೂ ಇದೇ ಉಪಾಯ. ಬೋರ್ಡಿನ ಒಬ್ಬರ ಅಳಿಯನ ಕಂಪನಿಯಿಂದ ಕಂಪ್ಯೂಟರ್ ಕೊಳ್ಳುವ ಮಾತು ಬಂದಾಗ, ಆಗ ನಿಯಮ ಹುಡುಕಿದರೆ ಅದು ಜಗಳ. ಪ್ರತಿ ವರ್ಷ ಎಲ್ಲರೂ ತಮ್ಮ ವ್ಯವಹಾರ, ನಂಟಸ್ತಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡುವ ಪದ್ಧತಿ ಇದ್ದರೆ, ಮೀಟಿಂಗ್ ಶುರುವಾದಾಗ "ಇವತ್ತಿನ ವಿಷಯಗಳಲ್ಲಿ ಯಾರಿಗಾದರೂ ಸಂಬಂಧ ಇದೆಯಾ" ಅಂತ ಅಧ್ಯಕ್ಷರು ಮಾಮೂಲಾಗಿ ಕೇಳಿದರೆ, ಸಂಬಂಧ ಇದ್ದವರು ಆ ಹೊತ್ತು ಹೊರಗೆ ಹೋಗಿ ನಿಂತರೆ, ಅದರಲ್ಲಿ ಅವಮಾನ ಏನೂ ಉಳಿಯುವುದಿಲ್ಲ. ಸಂಬಂಧ ಇರುವುದೇ ತಪ್ಪು ಅಂತ ಅಲ್ಲ, ಕೆಲವು ಸಲ ಅಳಿಯನೇ ಎಲ್ಲರಿಗಿಂತ ಕಡಿಮೆಗೆ ಕೊಡಬಹುದು. ಮುಚ್ಚಿಡುವುದು ತಪ್ಪು. ಅಮೆರಿಕದ ತೆರಿಗೆ ಇಲಾಖೆ 2008ರಿಂದ ಸೇವಾ ಸಂಸ್ಥೆಗಳ ವಾರ್ಷಿಕ ಫಾರಂ 990ರಲ್ಲಿ ಇವನ್ನೆಲ್ಲ ನೇರವಾಗಿ ಕೇಳುತ್ತದೆ. ಹಿತಾಸಕ್ತಿ ನೀತಿ ಇದೆಯಾ, ಅಕ್ರಮ ಬಯಲು ಮಾಡಿದವರಿಗೆ ರಕ್ಷಣೆ ಕೊಡುವ ನೀತಿ ಇದೆಯಾ, ನಡಾವಳಿ ಬರೆಯುತ್ತೀರಾ, ಈ ಫಾರಂ ಸಲ್ಲಿಸುವ ಮೊದಲು ಬೋರ್ಡಿನವರೆಲ್ಲರಿಗೂ ಕೊಟ್ಟಿರಾ. ಇವುಗಳಲ್ಲಿ ಕೆಲವು ನೀತಿಗಳು ಇರಲೇಬೇಕು ಅಂತ ತೆರಿಗೆ ಕಾನೂನು ಹೇಳುವುದಿಲ್ಲ. ಆದರೆ ಫಾರಂ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಇಲ್ಲ ಅಂತ ಟಿಕ್ ಮಾಡುವುದಕ್ಕೆ ನಾಚಿಕೆಯಾಗಿ ಎಷ್ಟೋ ಸಂಸ್ಥೆಗಳು ನೀತಿ ಮಾಡಿಕೊಳ್ಳುತ್ತವೆ. ನಾಚಿಕೆಯನ್ನು ಒಳ್ಳೆಯದಕ್ಕೂ ಬಳಸಬಹುದು ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಇದರ ಇನ್ನೊಂದು ತುದಿಯನ್ನೂ ಹೇಳದಿದ್ದರೆ ಅನ್ಯಾಯ. ಎಲ್ಲದಕ್ಕೂ ಕೈ ಹಾಕುವ ಬೋರ್ಡು ಸುಮ್ಮನೆ ಕೂರುವ ಬೋರ್ಡಿಗಿಂತ ಕಡಿಮೆ ಅಪಾಯದ್ದೇನಲ್ಲ. ಯಾರನ್ನು ಡ್ರೈವರ್ ಕೆಲಸಕ್ಕೆ ತಗೋಬೇಕು, ಯಾವ ಪ್ರಿಂಟರ್ ಕೊಳ್ಳಬೇಕು ಅಂತ ಟ್ರಸ್ಟಿಗಳು ದಿನಾ ಫೋನ್ ಮಾಡುತ್ತಿದ್ದರೆ ಕಾರ್ಯನಿರ್ವಾಹಕರಿಗೆ ಹತ್ತು ಜನ ಯಜಮಾನರು. ಬೋರ್ಡು ಅಧಿಕಾರ ನಡೆಸುವುದು ಸೇರಿ ಕೂತಾಗ ಮಾತ್ರ, ಮೀಟಿಂಗ್ ಮುಗಿದ ಮೇಲೆ ಒಬ್ಬೊಬ್ಬ ಸದಸ್ಯನಿಗೆ ಬಿಡಿಯಾಗಿ ಯಾವ ಅಧಿಕಾರವೂ ಇಲ್ಲ. ಇದನ್ನು ಮರೆತವರಿಗೆ ನೆನಪಿಸುವುದು ಅಧ್ಯಕ್ಷರ ಕೆಲಸ, ಆದರೆ ಎಷ್ಟೋ ಕಡೆ ಮರೆಯುವವರೇ ಅಧ್ಯಕ್ಷರು! ಸಿಬ್ಬಂದಿಯೇ ಇಲ್ಲದ ಸಣ್ಣ ಸಂಸ್ಥೆಗಳ ಪಾಡು ಬೇರೆ. ಅಲ್ಲಿ ಟ್ರಸ್ಟಿಗಳೇ ಪಾಠ ಮಾಡುತ್ತಾರೆ, ಟ್ರಸ್ಟಿಗಳೇ ಕುರ್ಚಿ ಜೋಡಿಸುತ್ತಾರೆ. ಕುರ್ಚಿ ಜೋಡಿಸುವಾಗ ಅವರು ಸ್ವಯಂಸೇವಕರು, ಯಾರು ಸಂಯೋಜಕರೋ ಅವರ ಮಾತು ಕೇಳಬೇಕು. ಠರಾವು ಮಾಡುವಾಗ ಟ್ರಸ್ಟಿಗಳು. ಎರಡನ್ನೂ ಕಲಸಿಕೊಂಡರೆ ಜಗಳ ಖಂಡಿತ.

ಕಾರ್ಯನಿರ್ವಾಹಕರ ಕೆಲಸದ ಮೌಲ್ಯಮಾಪನ ಬೋರ್ಡು ಅತಿ ಹೆಚ್ಚು ಮುಂದೂಡುವ ಕೆಲಸ. "ಚೆನ್ನಾಗೇ ಮಾಡ್ತಿದ್ದಾರಲ್ಲ" ಅಂತ ಬಿಡುತ್ತಾರೆ. ಪಾಪ, ಆ ಕುರ್ಚಿಯಲ್ಲಿ ಕೂತವರಿಗೂ ಇದು ಅನ್ಯಾಯವೇ. ವರ್ಷಗಟ್ಟಲೆ ಯಾರೂ ಒಳ್ಳೆಯದು ಕೆಟ್ಟದ್ದು ಹೇಳದೆ ಇದ್ದು, ಒಂದು ದಿನ ಇದ್ದಕ್ಕಿದ್ದ ಹಾಗೆ ನಿಮ್ಮ ಮೇಲೆ ನಮಗೆ ವಿಶ್ವಾಸ ಇಲ್ಲ ಅಂತ ಪತ್ರ ಬರುತ್ತದೆ. ವರ್ಷದ ಶುರುವಿನಲ್ಲಿ ಇಂತಿಂಥ ಕೆಲಸ ಅಂತ ಒಪ್ಪಿಕೊಂಡು, ಕೊನೆಗೆ ಅದನ್ನೇ ಎದುರಿಗಿಟ್ಟುಕೊಂಡು ಒಂದು ಗಂಟೆ ಕೂತು ಮಾತಾಡಿದರೆ ಸಾಕು. ಸಂಬಳ ಎಷ್ಟು, ಅದನ್ನು ಯಾರು ಹೇಗೆ ನಿಗದಿ ಮಾಡಿದರು ಅನ್ನುವುದನ್ನೂ ಬರೆದಿಡಬೇಕು. ನಾಳೆ ಅವರು ಬಿಟ್ಟರೆ ಅಥವಾ ಹುಷಾರು ತಪ್ಪಿದರೆ ಮುಂದೆ ಯಾರು ಅನ್ನುವುದೂ ಇದೇ ಮಾತಿನ ಬಾಲ. ಸಂಸ್ಥಾಪಕರ ಮುಂದೆ ಈ ಪ್ರಶ್ನೆ ಎತ್ತುವುದು ಕಷ್ಟ, ಅದಕ್ಕೇ ಅದು ವರ್ಷಕ್ಕೊಮ್ಮೆ ಅಜೆಂಡಾದಲ್ಲಿ ತಾನಾಗಿ ಬರುವ ಹಾಗಿರಬೇಕು.

ಇನ್ನು ಅವಧಿ. ಮೂರು ವರ್ಷದ್ದೊಂದು ಅವಧಿ, ಬೇಕಾದರೆ ಇನ್ನೊಂದು, ಜಾಸ್ತಿ ಅಂದರೆ ಮೂರನೆಯದು. ಆಮೇಲೆ ಕಡ್ಡಾಯ ವಿರಾಮ. ಇದಕ್ಕೆ ವಿರೋಧ ಮಾಡುವವರ ವಾದ ನನಗೆ ಗೊತ್ತು, ಅನುಭವ ಹೋಗಿಬಿಡುತ್ತದೆ, ಹೊಸಬರು ಸಿಗುವುದಿಲ್ಲ. ಅನುಭವಿಗಳನ್ನು ಸಲಹೆಗಾರರಾಗಿ ಇಟ್ಟುಕೊಳ್ಳಬಹುದು. ಹೊಸಬರು ಸಿಗುವುದಿಲ್ಲ ಅನ್ನುವುದರಲ್ಲಿ ಅರ್ಧ ಸತ್ಯ ಇದೆ, ಯಾಕೆಂದರೆ ನಾವು ಹುಡುಕುವುದು ನಮ್ಮ ಪರಿಚಯದವರ ನಡುವೆಯೇ. ಎಲ್ಲರೂ ಒಂದೇ ವಯಸ್ಸು, ಒಂದೇ ಥರದ ಹುದ್ದೆಯಿಂದ ನಿವೃತ್ತರಾದವರು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿ ಬಂದವರು. ಇಂಥ ಕಡೆ ದಾಕ್ಷಿಣ್ಯ ಇಲ್ಲದೆ ಇನ್ನೇನಿರುತ್ತದೆ? ಸಂಸ್ಥೆಯ ಸೇವೆಯನ್ನು ಸ್ವತಃ ಪಡೆದ ಒಬ್ಬಿಬ್ಬರು ಬೋರ್ಡಿನಲ್ಲಿದ್ದರೆ ಮಾತಿನ ದಿಕ್ಕೇ ಬದಲಾಗುತ್ತದೆ. ಒಬ್ಬರನ್ನೇ ತಂದು ಕೂರಿಸಿದರೆ ಅವರೂ ಸಂಕೋಚದಲ್ಲಿ ಮುದುಡುತ್ತಾರೆ, ಇಬ್ಬರಾದರೂ ಬೇಕು. ಬಂದವರಿಗೆ ಬೈಲಾ, ಕಳೆದ ಎರಡು ಮೂರು ವರ್ಷದ ಲೆಕ್ಕ, ನಡಾವಳಿ ಕೊಟ್ಟು, ಅರ್ಧ ದಿನ ಕೂತು ವಿವರಿಸಿ. ಸೇರುವ ಮೊದಲೇ ಇವನ್ನು ಕೇಳಿ ಪಡೆಯುವವರು ಸಿಕ್ಕರಂತೂ ಬಿಡಬೇಡಿ.

ಬಿಡುವ ವಿಷಯವನ್ನೂ ಹೇಳಿ ಮುಗಿಸುತ್ತೇನೆ. ಏನೋ ಸರಿ ಇಲ್ಲ ಅನಿಸಿದಾಗ ಬಹಳ ಜನ ಮಾಡುವುದು, "ವೈಯಕ್ತಿಕ ಕಾರಣಗಳಿಂದ" ಅಂತ ಎರಡು ಸಾಲಿನ ರಾಜೀನಾಮೆ ಬರೆದು ಸುಮ್ನೆ ಹೊರಟುಹೋಗುವುದು. ಯಾರಿಗೂ ಬೇಸರವಾಗಬಾರದು ಅಂತ. ನಿಮಗೆ ಕಂಡದ್ದು ನಿಮ್ಮ ಜೊತೆಗೇ ಹೋಗುತ್ತದೆ, ಉಳಿದವರಿಗೆ ಗೊತ್ತಾಗುವುದೇ ಇಲ್ಲ. ಬಿಡುವುದಾದರೆ ಮೊದಲು ಮೀಟಿಂಗಿನಲ್ಲಿ ವಿಷಯ ಎತ್ತಿ, ನಿಮ್ಮ ಭಿನ್ನಾಭಿಪ್ರಾಯ ನಡಾವಳಿಯಲ್ಲಿ ದಾಖಲಾಗಲಿ, ಅದು ಸರಿಯಾಗಿ ದಾಖಲಾಗಿದೆಯಾ ಅಂತ ಮುಂದಿನ ಕರಡಿನಲ್ಲಿ ಓದಿ ನೋಡಿ. ಆಮೇಲೂ ಬದಲಾಗದಿದ್ದರೆ ಕಾರಣ ಬರೆದು ರಾಜೀನಾಮೆ ಕೊಡಿ. ಮಾರನೇ ದಿನವೇ ಬ್ಯಾಂಕಿನ ಸಹಿದಾರರ ಪಟ್ಟಿಯಿಂದ, ನೋಂದಣಿ ಕಚೇರಿಯ ದಾಖಲೆಯಿಂದ ಹೆಸರು ತೆಗೆಸಿ, ತೆಗೆದದ್ದಕ್ಕೆ ಬರವಣಿಗೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಬಿಟ್ಟು ವರ್ಷಗಳಾದ ಮೇಲೂ ಚೆಕ್ಕಿಗೆ ಸಹಿ ಬೇಕು ಅಂತ ಫೋನ್ ಬರುವ ಮಾಜಿ ಟ್ರಸ್ಟಿಗಳು ನನಗೇ ಕೆಲವರು ಗೊತ್ತು.